ಕಪ್ಪು ಹಸುವಿನ ಬೀಗರು, ಕೆಂಪು ಹಸುವಿನ ಬೀಗಿತ್ತಿ

ತಾಜಿಮಾ, 8 ಸೆಪ್ಟೆಂಬರ್ 1997

ಕುರಾಹರ ಮಿಸಾವೊ ಅವರಿಗೆ ಮೊರಿವಾಕಿ ತೊಕುಜಿಯ ನಮಸ್ಕಾರಗಳು.

ಇಲ್ಲಿ ಭತ್ತದ ಕೊಯ್ಲು ಮುಗಿದು ಹುಲ್ಲು ಒಣಗುತ್ತಿದೆ. ಹೋದ ತಿಂಗಳು ಮಕ್ಕಳ ನಿಶ್ಚಿತಾರ್ಥಕ್ಕೆ ಅಸೊದ ನಿಮ್ಮ ಮನೆಗೆ ಬಂದಾಗ ನೀವು ನಮ್ಮನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿರಿ. ಅದಕ್ಕೆ ಎರಡು ಸಾಲು ಬರೆಯಬೇಕೆಂದು ಅಂದಿನಿಂದ ಕೂತು ಏಳುತ್ತಿದ್ದೇನೆ. ಬರೆಯಲು ಕೈ ಬರಲಿಲ್ಲ. ಕಾರಣ ನಿಮಗೂ ಗೊತ್ತು.

ಊಟದ ಹೊತ್ತಿನಲ್ಲಿ ನೀವು ‘ಬೀಗರೇ, ಮಾಂಸ ಹೇಗಿದೆ?’ ಎಂದು ಕೇಳಿದಿರಿ. ನಾನು ‘ಹಲ್ಲಿಗೆ ಒಳ್ಳೆ ವ್ಯಾಯಾಮ’ ಎಂದುಬಿಟ್ಟೆ. ನಿಮ್ಮ ನೆಂಟರೆಲ್ಲ ಚಾಪೆ ನೋಡತೊಡಗಿದರು. ನನ್ನ ಹೆಂಡತಿ ಯೋಶಿಯೆ ರೈಲು ಒಸಾಕಾ ಮುಟ್ಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಚಿಹಾರು ಮಾತ್ರ ಮಾತಾಡಿದಳು. ‘ಅಪ್ಪ, ನಾಳೆ ಆ ಮನೇಲಿ ಬಾಳಬೇಕಾದೋಳು ನೀನಲ್ಲ, ನಾನು!’

ಆದ್ದರಿಂದ ಕ್ಷಮೆ ಕೇಳುತ್ತಿದ್ದೇನೆ. ಆಡಿದ್ದು ಸುಳ್ಳೆಂದಲ್ಲ, ಆಡಿದ ಜಾಗ ಸರಿಯಿರಲಿಲ್ಲವೆಂದು. ನನ್ನ ಅಜ್ಜನ ಕಾಲದಿಂದ ನಮ್ಮ ಕೊಟ್ಟಿಗೆಯಲ್ಲಿ ಕಪ್ಪು ತಳಿ ಬಿಟ್ಟರೆ ಬೇರೆ ಬಣ್ಣದ ಬಾಲ ಆಡಿಲ್ಲ. ನಿಮ್ಮ ಮಗ ರ್ಯೋಹೇಯ್ ಕೂಡ ಕಪ್ಪು ದನ ಸಾಕುವುದನ್ನು ಕಲಿಯಲೆಂದೇ ಎರಡು ವರ್ಷ ನಮ್ಮ ಮನೆಯಲ್ಲಿದ್ದವನು. ಕಲಿತನೋ ಬಿಟ್ಟನೋ, ಮಗಳನ್ನಂತೂ ಗೆದ್ದುಕೊಂಡ.

ಇದರ ಜೊತೆ ಐಸ್ ಪೆಟ್ಟಿಗೆಯಲ್ಲಿ ನಮ್ಮ ಮನೆಯ ಮಾಂಸ ಕಳಿಸಿದ್ದೇನೆ. ಬೇಯಿಸುವ ಮುಂಚೆ ಕೊಬ್ಬಿನ ಒಂದು ಚೂರನ್ನು ಅಂಗೈ ಮೇಲೆ ಇಟ್ಟುಕೊಂಡು ಸುಮ್ಮನೆ ಕುಳಿತಿರಿ. ಬೆಂಕಿಯ ಹಂಗಿಲ್ಲದೆ ಕರಗುತ್ತದೆ. ಆಮೇಲೆ ಮದುವೆ ಊಟಕ್ಕೆ ಯಾವ ಮನೆಯ ಮಾಂಸ ಎಂಬುದನ್ನು ನೀವೇ ತೀರ್ಮಾನಿಸಿ.

ನಿಮ್ಮ ಬೀಗ, ಬಾಯಿ ಸ್ವಲ್ಪ ಉದ್ದವಿರುವ,
ತೊಕುಜಿ

---

ಅಸೊ, 21 ಸೆಪ್ಟೆಂಬರ್

ಮೊರಿವಾಕಿ ಅವರೇ,

ಪೆಟ್ಟಿಗೆ ಬಂತು. ನೀವು ಹೇಳಿದ ಹಾಗೆ ಅಂಗೈಯಲ್ಲಿ ಕೊಬ್ಬು ಇಟ್ಟುಕೊಂಡು ಜಗುಲಿಯಲ್ಲಿ ಕೂತೆ. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವಳು ‘ಏನ್ ಮಿಸಾವೊ, ಯಾರ ದಾರಿ ಕಾಯ್ತಿದೀಯ?’ ಎಂದು ಕೇಳಿದಳು. ‘ಬೀಗರ ಕೊಬ್ಬು ಕರಗಲಿ ಅಂತ ಕಾಯ್ತಿದೀನಿ’ ಎಂದೆ. ಊರೆಲ್ಲ ಸುದ್ದಿಯಾಗಿದೆ.

ಕರಗಿತು. ಒಪ್ಪಿಕೊಂಡೆ. ಬಾಯಲ್ಲೂ ಕರಗಿತು. ಮೊದಲನೇ ತುಂಡು ತಿಂದಾಗ ನನ್ನ ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಎರಡನೆಯದಕ್ಕೆ ತಲೆದೂಗಿದೆ. ಮೂರನೆಯದಕ್ಕೆ ಬಿಸಿ ಚಹಾ ಬೇಕೆನಿಸಿತು. ನಾಲ್ಕನೆಯದು ನನ್ನಿಂದಾಗಲಿಲ್ಲ. ಮಾಂಸ ಎಲ್ಲಿ ಮುಗಿದು ಕೊಬ್ಬು ಎಲ್ಲಿ ಶುರುವಾಯಿತು ಅಂತಲೇ ತಿಳಿಯದಿದ್ದರೆ ತಿಂದದ್ದು ಏನು, ಬೀಗರೇ?

ನಮ್ಮ ಕೆಂಪು ದನ ಬೇಸಿಗೆಯೆಲ್ಲ ಗುಡ್ಡದ ಮೇಲೆ ಹುಲ್ಲು ಮೇಯುತ್ತವೆ, ಮಳೆಯಲ್ಲಿ ನೆನೆಯುತ್ತವೆ, ತಮ್ಮ ಕಾಲ ಮೇಲೆ ತಾವು ನಡೆಯುತ್ತವೆ. ಕೊಬ್ಬು ಕಡಿಮೆ, ಇರುವುದೂ ತಿಳಿಹಳದಿ. ಅದು ಹುಲ್ಲಿನ ಬಣ್ಣ. ಅಗಿದರೆ ರಸ ಬಿಡುತ್ತದೆ, ನೆನಪಿನಲ್ಲಿ ಉಳಿಯುತ್ತದೆ. ನನ್ನ ಯಜಮಾನರು ಹೋದಮೇಲೆ ಈ ಮಂದೆಯನ್ನು ನಾನೇ ಸಾಕಿದವಳು. ಹಾಗಾಗಿ ನನಗೂ ಸ್ವಲ್ಪ ಜಂಬ ಇದೆ.

ಮದುವೆ ನಡೆಯುವುದು ಅಸೊದಲ್ಲಿ. ಒಲೆ ನನ್ನದು, ಮಾಂಸವೂ ನನ್ನದೇ.

ಹಲ್ಲು ಗಟ್ಟಿಯಿರುವ ಬೀಗಿತ್ತಿ,
ಮಿಸಾವೊ

---

ತಾಜಿಮಾ, 12 ಅಕ್ಟೋಬರ್

ಮಿಸಾವೊ ಅವರೇ,

ಹಳದಿ ಕೊಬ್ಬು! ಇದನ್ನು ಹೆಮ್ಮೆಯಿಂದ ಬರೆದ ಮೊದಲ ಮನುಷ್ಯರು ನೀವೇ ಇರಬೇಕು. ನಮ್ಮ ಪೇಟೆಯಲ್ಲಿ ಹಳದಿ ಕೊಬ್ಬು ಕಂಡರೆ ಮುದಿ ಹಸುವೆಂದು ಮುಖ ತಿರುಗಿಸುತ್ತಾರೆ. ದರ್ಜೆ ಕೊಡುವವರು ನೋಡುವುದು ಕೆಂಪು ಮಾಂಸದೊಳಗೆ ಹರಡಿದ ಬಿಳಿ ಎಳೆಯನ್ನು. ನಮ್ಮ ತಳಿಗೆ ಅದು ಹುಟ್ಟಿನಿಂದ ಬಂದದ್ದು. ನಿಮ್ಮ ಕೆಂಪಿಗಳಿಗೆ ಅರಮನೆಯಲ್ಲಿಟ್ಟು ಬಾರ್ಲಿ ತಿನ್ನಿಸಿದರೂ ಅಷ್ಟು ಬರುವುದಿಲ್ಲ. ಇದು ಬೈಗುಳವಲ್ಲ, ರಕ್ತದ ಗುಣ.

ನಮ್ಮಿಬ್ಬರ ಜಗಳ ಕೇಳಿ ಕೇಳಿ ಚಿಹಾರುಗೆ ಸಾಕಾಗಿದೆ. ಅವಳು ಕೆಲಸ ಮಾಡುವ ಪಶು ಪರೀಕ್ಷಾ ಕೇಂದ್ರದಲ್ಲಿ ಕೊಬ್ಬನ್ನು ಬಿಡಿಸಿ ನೋಡುವ ಯಂತ್ರವಿದೆಯಂತೆ. ‘ಇಬ್ಬರೂ ಒಂದೊಂದು ತುಂಡು ಕಳಿಸಿ, ಸುಮ್ನೆ ಕಿರುಚಾಡ್ಬೇಡಿ’ ಎನ್ನುತ್ತಾಳೆ. ನನ್ನ ತುಂಡು ಆಗಲೇ ಕೊಟ್ಟಿದ್ದೇನೆ. ನಿಮಗೆ ಧೈರ್ಯವಿದ್ದರೆ ಕಳಿಸಿ.

ಗೆಲುವಿನ ನಿರೀಕ್ಷೆಯಲ್ಲಿ,
ತೊಕುಜಿ

ಮಿಸಾವೊ ಅಕ್ಕ, ಅಂಚೆಗೆ ಹಾಕುವ ಮುಂಚೆ ನಾನು ಸೇರಿಸುತ್ತಿರುವ ಸಾಲು ಇದು. ಇವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಗಳ ಮದುವೆ ನಿಶ್ಚಯವಾದಾಗಿನಿಂದ ಕೊಟ್ಟಿಗೆಯಲ್ಲೇ ಇರುತ್ತಾರೆ. ಒಳಗೆ ಬಂದರೆ ಅವಳು ಕಟ್ಟುತ್ತಿರುವ ಪೆಟ್ಟಿಗೆಗಳು ಕಾಣುತ್ತವಲ್ಲ, ಅದಕ್ಕೆ. — ಯೋಶಿಯೆ

---

ಅಸೊ, 9 ನವೆಂಬರ್

ಬೀಗರೇ,

ಧೈರ್ಯದ ತುಂಡು ಕಳಿಸಿದ್ದೇನೆ. ಗುಡ್ಡದಲ್ಲೇ ಮೇದು ಬೆಳೆದ ಹೋರಿಯದು.

ರ್ಯೋಹೇಯ್‌ಗೆ ಇದು ಇಷ್ಟವಾಗಲಿಲ್ಲ. ‘ಅಮ್ಮ, ಯಾಕೆ ಮಾವನ ಹತ್ರ ಮರ್ಯಾದೆ ಕಳ್ಕೋತೀಯ? ನಮ್ದು ಸೋಲುತ್ತೆ ಅಂತ ಊರಿಗೇ ಗೊತ್ತು’ ಎಂದ. ಹೊರದೇಶದ ಅಗ್ಗದ ಮಾಂಸ ಬರಲು ಶುರುವಾದ ಮೇಲೆ ಬಿಳಿ ಎಳೆಯಿಲ್ಲದ ಮಾಂಸವನ್ನು ಕೇಳುವವರಿಲ್ಲ. ನಮ್ಮ ದಿಬ್ಬದ ಈಚೆ ಬದಿಯ ಮನೆಗಳಲ್ಲಿ ಕೆಂಪು ದನ ಉಳಿಸಿಕೊಂಡವರು ಈಗ ನಾವಷ್ಟೇ. ಮೊನ್ನೆ ಅವನು ಕೊಟ್ಟಿಗೆಯನ್ನು ಅಳೆಯುತ್ತಿದ್ದ. ಯಾಕೆಂದು ನಾನು ಕೇಳಲಿಲ್ಲ.

ಇರಲಿ. ಮೂಲಂಗಿ ಉಪ್ಪಿನಕಾಯಿ ಹಾಕಿದ್ದೇನೆ, ಯೋಶಿಯೆಗೆ ಒಂದು ಜಾಡಿ. ನಿಮಗೆ ಕೊಡಬಾರದೆಂದು ಹೇಳಿದ್ದೇನೆ, ಅಗಿಯಬೇಕಾಗುತ್ತದೆ.

ಮಿಸಾವೊ

---

ಪಶು ಪರೀಕ್ಷಾ ಕೇಂದ್ರ, 6 ಡಿಸೆಂಬರ್

ಪ್ರೀತಿಯ ಅಪ್ಪನಿಗೂ ಅತ್ತೆಗೂ,

ಒಂದೇ ಪತ್ರವನ್ನು ಎರಡು ಸಲ ಬರೆದು ಕಳಿಸುತ್ತಿದ್ದೇನೆ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಲಿಲ್ಲ ಎಂಬ ಮಾತು ಬರಬಾರದು.

ಕೊಬ್ಬು ಎಂದರೆ ಒಂದೇ ವಸ್ತುವಲ್ಲ. ಅದರಲ್ಲಿ ಮೇಣದ ಬತ್ತಿಯಂತೆ ಗಟ್ಟಿಯಾಗಿರುವ ಭಾಗವಿದೆ, ಎಣ್ಣೆಯಂತೆ ಮೆತ್ತಗಿರುವ ಭಾಗವಿದೆ. ಮೆತ್ತಗಿನದರಲ್ಲಿ ಮುಖ್ಯವಾದದ್ದು ಓಲಿಕ್ ಆಮ್ಲ. ಅಜ್ಜಿ ತಲೆಗೆ ಹಚ್ಚುತ್ತಿದ್ದ ತ್ಸುಬಾಕಿ ಹೂಗಿಡದ ಬೀಜದ ಎಣ್ಣೆಯಲ್ಲಿ ತುಂಬಿರುವುದೂ ಅದೇ. ಅದು ಹೆಚ್ಚಿದ್ದರೆ ಕೊಬ್ಬು ಬೇಗ ಕರಗುತ್ತದೆ.

ನಮ್ಮ ಕೇಂದ್ರದಲ್ಲಿ ಕಪ್ಪು, ಕೆಂಪು, ಜೊತೆಗೆ ಹಾಲಿನ ತಳಿಯ ಹೋರಿಗಳನ್ನೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿ, ಒಂದೇ ಮೇವು ಹಾಕಿ ಬೆಳೆಸಿದೆವು. ಮೇವು ಒಂದೇ ಆದ್ದರಿಂದ ವ್ಯತ್ಯಾಸ ಬಂದರೆ ಅದು ತಳಿಯದು. ಕಪ್ಪಿನಲ್ಲಿ ಓಲಿಕ್ ಎಲ್ಲಕ್ಕಿಂತ ಹೆಚ್ಚು. ಕೆಂಪು ಅದರ ಹಿಂದೆಯೇ ಇದೆ, ಬಹಳ ದೂರವಿಲ್ಲ. ಹಾಲಿನ ತಳಿ ಎರಡಕ್ಕಿಂತ ಕೆಳಗೆ. ಆದರೆ ಕಪ್ಪಿನಲ್ಲೂ ಎಲ್ಲವೂ ಒಂದೇ ಥರ ಇಲ್ಲ, ಅಪ್ಪ. ತಂದೆ ಹೋರಿ ಯಾವುದು ಎಂಬುದರ ಮೇಲೂ ಹೋಗುತ್ತದೆ. ನಮ್ಮ ಕಣಿವೆಯ ಒಬ್ಬರಿಂದ ತಂದು ಬೆಳೆಸಿದ ಕರು ಕೆಂಪಿಗಿಂತ ಕೆಳಗೆ ಬಂತು. ಹೆಸರು ಹೇಳುವುದಿಲ್ಲ, ನೀನು ಊರವರೆಲ್ಲ ಸೇರುವ ಸ್ನಾನದ ಮನೆಯಲ್ಲಿ ಕೂಗಿ ಹೇಳುತ್ತೀಯ.

ಇನ್ನು ನಿಮ್ಮ ತುಂಡುಗಳು. ಅಪ್ಪನದು ತುಂಬ ಮೆತ್ತಗೆ. ಅತ್ತೆಯದು ನಾವು ಕೇಂದ್ರದಲ್ಲಿ ಬೆಳೆಸಿದ ಕೆಂಪಿಗಿಂತಲೂ ಗಟ್ಟಿ. ಹುಲ್ಲು ಮೇದ ದನದಲ್ಲಿ ಹಾಗಾಗುತ್ತದೆ. ಯಂತ್ರದ ಲೆಕ್ಕದಲ್ಲಿ ಅಪ್ಪ ಗೆದ್ದ.

ಒಂದು ಮಾತು ಸೇರಿಸುತ್ತೇನೆ. ಉಳಿದ ಮಾಂಸವನ್ನು ನಾವು ಕೇಂದ್ರದವರೆಲ್ಲ ಸೇರಿ ಸುಟ್ಟು ತಿಂದೆವು. ಮೊದಲು ಖಾಲಿಯಾದದ್ದು ಅತ್ತೆಯ ಮಾಂಸವಿದ್ದ ತಟ್ಟೆ. ಯಂತ್ರಕ್ಕೆ ನಾಲಿಗೆ ಇಲ್ಲ. ಅದು ಕೊಬ್ಬು ಎಂಥದು ಅಂತ ಹೇಳುತ್ತದೆ, ಊಟ ಹೇಗಿತ್ತು ಅಂತ ಹೇಳುವುದಿಲ್ಲ.

ಇಬ್ಬರ ನಡುವೆ ಸಿಕ್ಕಿಕೊಂಡ,
ಚಿಹಾರು

---

ತಾಜಿಮಾ, 10 ಡಿಸೆಂಬರ್ (ಕಾರ್ಡು)

ಬೀಗಿತ್ತಿಯವರೇ, ಫಲಿತಾಂಶ ನೋಡಿದಿರಾ? ನಾನು ಅದನ್ನು ಕೊಟ್ಟಿಗೆಯ ಕಂಬಕ್ಕೆ ಅಂಟಿಸಿದ್ದೇನೆ. ದನಗಳಿಗೂ ಓದಿ ಹೇಳಿದೆ. ಕೊನೆಯ ಪ್ಯಾರಾ ಓದಲಿಲ್ಲ. — ತೊಕುಜಿ

---

ಅಸೊ, 18 ಜನವರಿ 1998

ಯೋಶಿಯೆ,

ಹೊಸ ವರ್ಷದ ಶುಭಾಶಯಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ನಿನ್ನ ಯಜಮಾನರ ಕಾರ್ಡು ನೋಡಿ ನಕ್ಕೆ. ಆದರೆ ರ್ಯೋಹೇಯ್ ನಗಲಿಲ್ಲ. ಚಿಹಾರು ಬರೆದ ಫಲಿತಾಂಶದ ಪತ್ರವನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ ಹೇಳಿದ, ‘ಅಮ್ಮ, ಫೆಬ್ರವರಿ ಸಂತೆಗೆ ಕೆಂಪು ಹಸು ಎಲ್ಲಾ ಕೊಟ್ಬಿಡೋಣ. ಕಪ್ಪು ತರೋಣ. ಚಿಹಾರು ಬರೋ ಹೊತ್ತಿಗೆ ಕೊಟ್ಟಿಗೆ ಸರಿ ಇರ್ಬೇಕು. ಅವಳಪ್ಪನ ಮುಂದೆ ಅವಳು ತಲೆ ತಗ್ಗಿಸ್ಬಾರದು.’

ನಾನು ಇನ್ನೊಂದು ಬಟ್ಟಲು ಅನ್ನ ಬಡಿಸಿದೆ. ಬಾಳುವವರು ಅವರು. ಅವನು ಮಾಡುತ್ತಿರುವುದೂ ಹೆಂಡತಿಯಾಗುವವಳ ಮೇಲಿನ ಪ್ರೀತಿಗೇ.

ಚಿಹಾರುಗೆ ಅವನು ಇನ್ನೂ ಹೇಳಿಲ್ಲ. ನೀನೂ ಹೇಳಬೇಡ. ತೊಕುಜಿ ಅವರಿಗಂತೂ ಬೇಡವೇ ಬೇಡ, ಖುಷಿಪಡುತ್ತಾರೆ.

ಮಿಸಾವೊ ಅಕ್ಕ

---

ತಾಜಿಮಾ, 27 ಜನವರಿ

ರ್ಯೋಹೇಯ್,

ನಿನ್ನ ಅಮ್ಮ ಬರೆದ ಪತ್ರವನ್ನು ನಿನ್ನ ಅತ್ತೆ ಅಡುಗೆಮನೆಯಲ್ಲಿ ಬೇಕೆಂದೇ ನನ್ನ ಚಹಾದ ಬಟ್ಟಲಿನ ಕೆಳಗೆ ಇಟ್ಟಳು. ಓದಿದೆ. ಖುಷಿಯಾಗಲಿಲ್ಲ.

ಸೊಂಟದವರೆಗೆ ಹಿಮ ಬಿದ್ದಿದೆ. ಕೊಟ್ಟಿಗೆಗೆ ಹೋಗಿ ಆ ಕಂಬದ ಕಾಗದ ಕಿತ್ತು ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಅಜ್ಜನ ಕಾಲದ ಸಂಗತಿ ಹೇಳುತ್ತೇನೆ ಕೇಳು. ಆಗ ನಮ್ಮ ಕಪ್ಪು ದನ ಸಣ್ಣವು ಎಂದು ಎಲ್ಲರೂ ನಗುತ್ತಿದ್ದರಂತೆ. ಸರ್ಕಾರದವರು ಪಶ್ಚಿಮ ದೇಶದ ದೊಡ್ಡ ಹೋರಿಗಳನ್ನು ತರಿಸಿದರು. ಊರೂರಿನವರು ಸಾಲುಗಟ್ಟಿ ಹಸು ಒಯ್ದು ಮಿಶ್ರ ಮಾಡಿಸಿದರು. ಕರು ದೊಡ್ಡವಾದವು, ಗುಣ ಹೋಯಿತು. ಆಮೇಲೆ ಹಳೆಯ ರಕ್ತ ಎಲ್ಲಿದೆ ಎಂದು ಹುಡುಕಿದರೆ, ಕಣಿವೆಯ ತುದಿಯಲ್ಲಿ ದಾರಿ ಸರಿಯಿಲ್ಲದ ಕೆಲವು ಮನೆಗಳಲ್ಲಿ ಮಾತ್ರ ಉಳಿದಿತ್ತು. ಅವರೇನು ದೊಡ್ಡ ತಿಳಿವಳಿಕೆಯಿಂದ ಉಳಿಸಿದವರಲ್ಲ. ಹಟಮಾರಿಗಳು. ಇವತ್ತು ನಾನು ಎದೆ ಉಬ್ಬಿಸಿ ತೋರಿಸುವ ಕೊಬ್ಬು ಆ ಹಟಮಾರಿಗಳು ಬಿಟ್ಟುಹೋದದ್ದು.

ನಿನ್ನ ಅಮ್ಮ ಅಂಥ ಹೆಂಗಸು. ಅದನ್ನು ಮೊದಲ ದಿನ ಊಟಕ್ಕೆ ಕೂತಾಗಲೇ ಕಂಡುಕೊಂಡಿದ್ದೆ, ಅದಕ್ಕೇ ಕೆಣಕಿದ್ದು.

ಇನ್ನೊಂದು. ಕಪ್ಪು ದನ ತಂದು ಗುಡ್ಡಕ್ಕೆ ಅಟ್ಟಿದರೆ ನನ್ನ ಮಾಂಸ ಸಿಗುವುದಿಲ್ಲ. ಕೊಟ್ಟಿಗೆಯಲ್ಲೇ ಕಟ್ಟಿ ಬಾರ್ಲಿ ಹಾಕಿದರೆ ನಿನ್ನ ಗುಡ್ಡ ಪೊದೆ ಬೆಳೆದು ಹಾಳಾಗುತ್ತದೆ. ಯೋಚಿಸು.

ಮಗಳು ನನ್ನ ಮುಂದೆ ತಲೆ ತಗ್ಗಿಸುವ ಮಾತು ಎಲ್ಲಿಂದ ಬಂತು? ಅವಳು ಹುಟ್ಟಿದಾಗಿನಿಂದ ಒಂದು ದಿನವೂ ನನ್ನ ಮುಂದೆ ತಲೆ ತಗ್ಗಿಸಿದವಳಲ್ಲ.

ಮಾವ

---

ಅಸೊ, 16 ಫೆಬ್ರವರಿ

ಯೋಶಿಯೆ,

ನಿನ್ನ ಗಂಡ ಇವತ್ತು ಬೆಳಗಿನ ರೈಲಿಗೆ ಹೊರಟರು. ಅವರು ಮನೆ ಮುಟ್ಟುವ ಮುಂಚೆ ಈ ಪತ್ರ ನಿನಗೆ ಮುಟ್ಟುವುದಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಅವರು ಸಂತೆಯಲ್ಲಿ ನಡೆದದ್ದನ್ನು ಪೂರ್ತಿ ಹೇಳುವುದಿಲ್ಲ.

ಮಾವನ ಪತ್ರ ಬಂದಮೇಲೂ ರ್ಯೋಹೇಯ್ ಹಸುಗಳನ್ನು ಲಾರಿಗೆ ಹತ್ತಿಸಿದ. ಸಂತೆಗೆ ಹೆಸರು ಕೊಟ್ಟಾಗಿದೆ, ಮಾತು ಮಾತೇ ಎಂದ. ನಾನು ಜೊತೆಗೆ ಹೋದೆ. ಹರಾಜಿನ ಮನೆಯಲ್ಲಿ ಮೆಟ್ಟಿಲ ಮೇಲೆ ಕೂತು ತಲೆಬಟ್ಟೆಯ ತುದಿ ಕಚ್ಚಿಕೊಂಡು ನೋಡುತ್ತಿದ್ದೆ. ನಮ್ಮ ಹಿರಿಯ ಹಸುವನ್ನು ರ್ಯೋಹೇಯ್ ಅಂಗಳಕ್ಕೆ ತಂದು ನಿಲ್ಲಿಸಿದ. ಬೆಲೆಯ ಹಲಗೆ ಬೆಳಗಿತು, ಅಂಕಿ ಅಲ್ಲೇ ನಿಂತಿತು. ಯಾರೂ ಮೇಲಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ‘ನಾನು ಕೊಡ್ತೀನಿ! ಅದರ ಮೇಲೆ!’ ಎಂದು ಕೂಗಿದರು. ತಿರುಗಿದರೆ ನಿನ್ನ ಗಂಡ. ಬೂಟಿಗೆ ಇನ್ನೂ ತಾಜಿಮಾದ ಕೆಸರು ಅಂಟಿತ್ತು.

ಹರಾಜಿನವನು ಮೈಕಿನಲ್ಲೇ ಹೇಳಿದ, ‘ತಾತ, ಕೂತ್ಕೊಳ್ಳಿ. ಇಲ್ಲಿ ಗುಂಡಿ ಒತ್ಬೇಕು, ಕೂಗೋ ಹಾಗಿಲ್ಲ.’

‘ಗುಂಡಿ ಎಲ್ಲಿ?’

‘ಅದು ಸದಸ್ಯರಿಗೆ ಮಾತ್ರ.’

‘ಹಂಗಾದ್ರೆ ಕೂಗೇ ಕೂಗ್ತೀನಿ. ತಾಜಿಮಾದಿಂದ ಬಂದಿದೀನಿ. ಹುಟ್ಟಿದಾಗಿಂದ ಕರಿ ದನ ಬಿಟ್ರೆ ಬೇರೆ ಮುಟ್ಟಿಲ್ಲ. ಈ ಕೆಂಪಿ ನನಗೆ ಬೇಕು!’

ಸಂತೆಗೆ ಸಂತೆಯೇ ನಕ್ಕಿತು. ರ್ಯೋಹೇಯ್ ಮುಖ ಹಸುವಿಗಿಂತ ಕೆಂಪಾಗಿತ್ತು. ‘ಮಾವ, ದಯವಿಟ್ಟು ಸುಮ್ನಿರಿ’ ಎಂದ.

‘ನೀನು ಮಾರೋನು, ನಾನು ಕೊಳ್ಳೋನು. ನಮ್ಮಿಬ್ರಿಗೂ ಇಲ್ಲಿ ನೆಂಟಸ್ತಿಕೆ ಇಲ್ಲ.’

‘ಒಯ್ದು ಏನ್ಮಾಡ್ತೀರಿ ಇದನ್ನ?’

‘ಸಾಕ್ತೀನಿ. ನಿನ್ನ ಕೈಲಿ ಆಗ್ಲಿಲ್ವಲ್ಲ.’

ರ್ಯೋಹೇಯ್ ಹಗ್ಗವನ್ನು ಕೈಗೆ ಸುತ್ತಿಕೊಂಡ. ಹಸು ಅವನ ತೋಳು ನೆಕ್ಕುತ್ತಿತ್ತು. ಆಮೇಲೆ ಹರಾಜಿನವನ ಕಡೆ ತಿರುಗಿ, ‘ಇದನ್ನ ವಾಪಸ್ ತಗೋತೀನಿ’ ಎಂದ. ‘ಮಿಕ್ಕವು?’ ಎಂದು ಆತ ಕೇಳಿದ. ನನ್ನ ಮಗ ಮೆಟ್ಟಿಲ ಮೇಲೆ ನನ್ನನ್ನು ಹುಡುಕಿ ನೋಡಿದ. ‘ಅವೂ’ ಎಂದ.

ಲಾರಿಯಲ್ಲಿ ಬರುವಾಗ ಮೂವರೂ ಮುಂದೆ ಒತ್ತಿಕೊಂಡು ಕೂತಿದ್ದೆವು. ಅರ್ಧ ದಾರಿಗೆ ರ್ಯೋಹೇಯ್ ನಗಲು ಶುರುಮಾಡಿದ, ಆಮೇಲೆ ನಿಲ್ಲಿಸಲು ಆಗಲಿಲ್ಲ. ಗಾಡಿಯನ್ನು ಪಕ್ಕಕ್ಕೆ ಹಾಕಬೇಕಾಯಿತು.

ನಿನ್ನ ಗಂಡನನ್ನು ಜೋಪಾನ ಮಾಡು. ಅಲ್ಲಿ ಅಷ್ಟು ಕೂಗಿದವರು ಮನೆಗೆ ಬಂದಮೇಲೆ, ಚಿಹಾರುಗೆಂದು ನಾನು ಸಿದ್ಧಮಾಡಿದ ಕೋಣೆ ನೋಡುತ್ತೇನೆ ಎಂದು ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಕಿಟಕಿಯ ಚಿಲಕ ಸಡಿಲವಿದೆಯೆಂದು ರಿಪೇರಿ ಮಾಡಿದರಂತೆ. ಅದು ಸಡಿಲವಿರಲಿಲ್ಲ.

ನಿನ್ನ ಅಕ್ಕ,
ಮಿಸಾವೊ

---

ತಾಜಿಮಾ, 3 ಮಾರ್ಚ್

ಬೀಗಿತ್ತಿಯವರೇ,

ಮದುವೆ ಊಟದ ವಿಷಯ. ಒಪ್ಪಂದಕ್ಕೆ ಬರೋಣ. ನನ್ನ ಮಾಂಸವನ್ನು ಹಾಳೆಯಂತೆ ತೆಳ್ಳಗೆ ಕೊಯ್ದು ಕುದಿವ ಸಾರಿನಲ್ಲಿ ಒಮ್ಮೆ ಅದ್ದಿ ತೆಗೆಯುವುದು. ಅದಕ್ಕೆ ಕರಗುವ ಕೊಬ್ಬೇ ಬೇಕು. ನಿಮ್ಮದನ್ನು ದಪ್ಪಗೆ ಕೊಯ್ದು ಇದ್ದಿಲ ಮೇಲೆ ಸುಡುವುದು, ಉಪ್ಪು ಬಿಟ್ಟು ಏನೂ ಬೇಡ. ಸಂತೆಯ ಸಂಜೆ ನೀವು ಬಡಿಸಿದ್ದು ಹಾಗೆಯೇ ಇತ್ತು. ನಾನು ಮೂರು ಸಲ ಹಾಕಿಸಿಕೊಂಡೆ. ಯೋಶಿಯೆಗೆ ಒಂದೇ ಸಲ ಎಂದು ಹೇಳಿದ್ದೇನೆ, ನೀವೂ ಹಾಗೇ ಹೇಳಿ.

ಮಗಳ ಜೊತೆ ಮೂರು ಕಪ್ಪು ಕಡಸುಗಳನ್ನು ಕಳಿಸುತ್ತಿದ್ದೇನೆ. ನಿಮ್ಮ ಮಂದೆಯನ್ನು ಬದಲಿಸಲಿಕ್ಕಲ್ಲ. ಅವಳು ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ಪರಿಚಯದ ಮುಖ ಇರಲಿ ಅಂತ.

ತೊಕುಜಿ

---

ಅಸೊ, 14 ಜೂನ್

ಅಪ್ಪ,

ಮದುವೆಯ ಗಲಾಟೆ ಮುಗಿದು ನಾನು ಇಲ್ಲಿನವಳಾಗುತ್ತಿದ್ದೇನೆ. ವಾರದಲ್ಲಿ ಎರಡು ದಿನ ಹತ್ತಿರದ ಕುಮಾಮೊತೊದ ಪಶು ಪರೀಕ್ಷಾ ಕೇಂದ್ರಕ್ಕೆ ಹೋಗುತ್ತೇನೆ, ಕೆಂಪು ತಳಿಯ ಕೊಬ್ಬಿನ ಕೆಲಸವೇ. ಯಾವ ತಂದೆ ಹೋರಿಯ ಮಕ್ಕಳಲ್ಲಿ ಓಲಿಕ್ ಹೆಚ್ಚು ಅಂತ ಹುಡುಕುತ್ತಿದ್ದೇವೆ. ಅತ್ತೆಗೆ ಈಗ ಓಲಿಕ್ ಎಂಬ ಪದ ಬಾಯಿಪಾಠ. ಮೀನಿನ ಅಂಗಡಿಯವನನ್ನೂ ‘ಇದರಲ್ಲಿ ಓಲಿಕ್ ಎಷ್ಟಯ್ಯ?’ ಎಂದು ಕೇಳುತ್ತಾರೆ.

ನಿನ್ನೆ ನಿನ್ನ ಮೂರು ಕಡಸುಗಳನ್ನು ಮೊದಲ ಸಲ ಗುಡ್ಡಕ್ಕೆ ಬಿಟ್ಟೆವು. ಗೇಟು ತೆಗೆದರೆ ಅಲ್ಲಾಡಲಿಲ್ಲ. ಕಾಲ ಕೆಳಗೆ ಸಿಮೆಂಟು ಇಲ್ಲದ್ದನ್ನು ಅವು ಎಂದಾದರೂ ಕಂಡಿದ್ದವೇ? ದೊಡ್ಡದು ಹುಲ್ಲನ್ನು ಮೂಸಿ, ನನ್ನ ಕಡೆ ತಿರುಗಿ ಬಾರ್ಲಿ ಎಲ್ಲಿ ಎಂಬಂತೆ ನೋಡಿತು. ಅತ್ತೆ ‘ಏನಮ್ಮ, ತಟ್ಟೆಗೆ ಹಾಕಿ ಕೊಡ್ಬೇಕಾ? ತವರಿನ ಮುದ್ದು ಜಾಸ್ತಿಯಾಯ್ತು ನಿಂಗೆ!’ ಎಂದು ಗದರಿದರು. ಇಳಿಜಾರಿನಲ್ಲಿ ಚಿಕ್ಕದು ಜಾರಿ ಹಿಂಗಾಲ ಮೇಲೆ ಕೂತುಬಿಟ್ಟಿತು, ನಾಯಿ ಕೂತ ಹಾಗೆ. ಅತ್ತೆ ನಕ್ಕು ನಕ್ಕು ಹುಲ್ಲಿನ ಮೇಲೆ ಅದರ ಪಕ್ಕದಲ್ಲೇ ಕೂತರು.

ಆಮೇಲೆ ಕೆಂಪು ಹಸುಗಳು ಬಂದವು. ಮೂಸಿದವು, ಸುಮ್ಮನೆ ಮುಂದೆ ನಡೆದವು. ನಮ್ಮವು ಒಂದೊಂದಾಗಿ ಹಿಂದೆ ಹೊರಟವು. ಮಧ್ಯಾಹ್ನದ ಹೊತ್ತಿಗೆ ದೂರದ ದಿಬ್ಬದಲ್ಲಿ ಕೆಂಪು ಚುಕ್ಕೆಗಳ ನಡುವೆ ಮೂರು ಕಪ್ಪು ಚುಕ್ಕೆ ಕಾಣುತ್ತಿದ್ದವು.

ಮೊದಲ ದಿನವಾದ್ದರಿಂದ ಸಂಜೆ ಅವನ್ನು ಕೊಟ್ಟಿಗೆಗೆ ತರಬೇಕೆಂದುಕೊಂಡಿದ್ದೆವು. ನಾನೇ ಹತ್ತಿ ಹೋಗಿ, ಮನೆಯಲ್ಲಿ ನೀನು ಕರೆಯುವ ಹಾಗೆಯೇ ಕರೆದೆ. ಮೂರೂ ತಲೆ ಎತ್ತಿ ನೋಡಿದವು. ಗುರುತು ಸಿಕ್ಕಿತು, ಖಂಡಿತ ಸಿಕ್ಕಿತು. ಆದರೆ ಬರಲಿಲ್ಲ, ಅಪ್ಪ.

ನಿನಗೆ ಬೇಜಾರಾಗಬಾರದೆಂದು ಇದನ್ನು ಬರೆಯುವುದೋ ಬೇಡವೋ ಎಂದು ಯೋಚಿಸಿದೆ.

ನಿನ್ನ
ಚಿಹಾರು

---

ತಾಜಿಮಾ, 19 ಜೂನ್ (ಕಾರ್ಡು)

ಚಿಹಾರು, ಬರದಿದ್ದರೆ ಬಿಡು. ಹೊಟ್ಟೆ ತುಂಬ ಮೇಯುತ್ತಿವೆ ತಾನೇ? ಅಲ್ಲೇ ಇರಲಿ, ಎಳೆದು ತರಬೇಡ. ಗದ್ದೆಯ ಕಳೆ ಕೀಳುವುದು ಮುಗಿದ ಕೂಡಲೇ ಅಮ್ಮನೂ ನಾನೂ ಅಲ್ಲಿಗೇ ಬಂದು ನೋಡುತ್ತೇವೆ. — ಅಪ್ಪ